ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ಸಾಕ್ಷ್ಯವಲ್ಲ: ಈ ಅಪನಂಬಿಕೆ ಹುಟ್ಟಿದ್ದು ಎಲ್ಲಿ?

ಕರಿಕೋಟು (ಶನಿವಾರ, ರಾತ್ರಿ 8.40)

ವಕೀಲಿಕೆಗೆ ಬಂದು ಎರಡನೆಯ ವರ್ಷ. ಸೆಷನ್ಸ್ ನ್ಯಾಯಾಲಯದ ಒಂದು ಪ್ರಕರಣದಲ್ಲಿ ಹಿರಿಯರಿಗೆ ಸಹಾಯಕಳಾಗಿದ್ದೇನೆ. ದೋಷಾರೋಪ ಪಟ್ಟಿಯೊಳಗೆ ನಮ್ಮ ಕಕ್ಷಿದಾರನ ‘ಸ್ವಇಚ್ಛಾ ಹೇಳಿಕೆ’ ನಾಲ್ಕು ಪುಟ ಇದೆ. ಹುಡುಗ ಓದಿದ್ದು ಐದನೆಯ ತರಗತಿ, ಮಾಡುವುದು ಗಾರೆ ಕೆಲಸ. ಹೇಳಿಕೆಯಲ್ಲಿ ಮಾತ್ರ ‘ಸದರಿ ದಿನಾಂಕದಂದು ಸದರಿ ಸ್ಥಳದಲ್ಲಿ’ ಎಂದೇ ಮಾತನಾಡುತ್ತಾನೆ!

ಊಟಕ್ಕೆ ಕುಳಿತಾಗ ಅಪ್ಪನಿಗೆ ಇದನ್ನು ಹೇಳಿದೆ. “ಒಪ್ಪಿಕೊಂಡಿದ್ದಾನಲ್ಲ, ಇನ್ನೇನು ಕೇಸು?” ಎಂದರು. ಪೊಲೀಸರ ಮುಂದೆ ಒಪ್ಪಿದ್ದನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ, 2024ರ ಜುಲೈಯಿಂದ ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಎಂದೆಲ್ಲ ವಿವರಿಸಿದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡು, “ಸಂಬಳ ಕೊಟ್ಟು ಇಟ್ಟುಕೊಂಡ ಪೊಲೀಸರನ್ನು ಸರ್ಕಾರದ ಕಾನೂನೇ ನಂಬುವುದಿಲ್ಲವೇ?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿನಲ್ಲಿ ಕಲಂ ಬಾಯಿಪಾಠ ಮಾಡಿಸಿದರು, ಕಥೆ ಹೇಳಲಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಿದೆಯೇ?

ಕಡತದ ಹುಳ (ಶನಿವಾರ, ರಾತ್ರಿ 9.25)

ನಿಮ್ಮ ತಂದೆ ಕೇಳಿದ್ದು ಸರಿಯಾಗಿದೆ. ಇನ್ನೊಂದು ವಿಚಿತ್ರವನ್ನೂ ಅವರಿಗೆ ಹೇಳಿ: ಈ ಕಾನೂನು ಬರೆದ ಇಂಗ್ಲಿಷರು ತಮ್ಮ ದೇಶದಲ್ಲಿ ಇಂಥ ನಿಷೇಧ ಇಟ್ಟುಕೊಳ್ಳಲಿಲ್ಲ. ಅಲ್ಲಿ ಒತ್ತಾಯವಿಲ್ಲದೆ ಪೊಲೀಸರಿಗೆ ಹೇಳಿದ ಮಾತು ಸಾಕ್ಷ್ಯವಾಗುತ್ತದೆ. ಇಲ್ಲಿ ಮಾತ್ರ ಬಾಗಿಲನ್ನೇ ಮುಚ್ಚಿದರು.

ಮುಚ್ಚಿದ್ದು 1872ರಲ್ಲಿ ಅಲ್ಲ, ಅದಕ್ಕಿಂತ ಮುಂಚೆ, 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ. ಪೊಲೀಸ್ ಕಾಯ್ದೆ ಬಂದದ್ದೂ ಅದೇ 1861ರಲ್ಲಿ. ಒಂದೇ ವರ್ಷ, ಒಂದೇ ಸರ್ಕಾರ. ಒಂದು ಕೈಯಿಂದ ಪೊಲೀಸರಿಗೆ ಲಾಠಿ ಕೊಟ್ಟಿತು, ಇನ್ನೊಂದು ಕೈಯಿಂದ ‘ಇವರ ಮಾತು ನಂಬಬೇಡಿ’ ಎಂದು ನ್ಯಾಯಾಧೀಶರಿಗೆ ಬರೆದುಕೊಟ್ಟಿತು.

ಹಿನ್ನೆಲೆಗೆ ಮದ್ರಾಸು ಪ್ರಾಂತ್ಯಕ್ಕೆ ಹೋಗಬೇಕು. ನಮ್ಮ ಬಳ್ಳಾರಿಯೂ ಕರಾವಳಿಯ ಕೆನರಾ ಜಿಲ್ಲೆಯೂ ಆಗ ಅದರೊಳಗೇ ಇದ್ದವು. 1816ರ ನಿಯಮಾವಳಿಯ ಪ್ರಕಾರ ತಹಸೀಲ್ದಾರನೇ ಪೊಲೀಸ್ ಅಧಿಕಾರಿ, ಕಲೆಕ್ಟರನೇ ಮ್ಯಾಜಿಸ್ಟ್ರೇಟ್. ಕಂದಾಯ ಎತ್ತುವವನೂ ಅವನೇ, ಕಳ್ಳನನ್ನು ಹಿಡಿಯುವವನೂ ಅವನೇ. ತೆರಿಗೆ ಕೊಡಲಾಗದ ರೈತನಿಗೂ ಕಳವಿನ ಅನುಮಾನಕ್ಕೆ ಸಿಕ್ಕಿದವನಿಗೂ ಒಂದೇ ಮರ್ಯಾದೆ: ಬಗ್ಗಿಸಿ ಕಟ್ಟಿ, ಬೆನ್ನ ಮೇಲೆ ಕಲ್ಲು ಹೇರಿ ಬಿಸಿಲಿನಲ್ಲಿ ನಿಲ್ಲಿಸುವುದು, ಬೆರಳುಗಳನ್ನು ಕಿಟ್ಟಿಗೆ ಹಾಕುವುದು. ಕಿಟ್ಟಿ ಎಂದರೆ ಎರಡು ಕೋಲುಗಳ ನಡುವೆ ಬೆರಳಿಟ್ಟು ಅಮುಕುವ ಸಾಧನ. ಹಳೆಯ ಕನ್ನಡ ನಿಘಂಟಿನಲ್ಲೂ ಈ ಪದ ಸಿಗುತ್ತದೆ. 1854ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಗಲಾಟೆಯಾಗಿ, ಮೂವರ ಚಿತ್ರಹಿಂಸಾ ಆಯೋಗ ಕುಳಿತು, 1855ರಲ್ಲಿ ವರದಿ ಕೊಟ್ಟಿತು. ಕೆಲವೇ ತಿಂಗಳಲ್ಲಿ 1,900ಕ್ಕೂ ಹೆಚ್ಚು ದೂರುಗಳು ಬಂದಿದ್ದವು. ಎಷ್ಟೋ ಜನ ಮದ್ರಾಸಿಗೆ ನಡೆದುಕೊಂಡೇ ಹೋಗಿ ಹೇಳಿಕೊಂಡರು.

ಆಯೋಗ ದೋಷವನ್ನೆಲ್ಲ ಹೊರಿಸಿದ್ದು ‘ನೇಟಿವ್’ ಕೆಳನೌಕರರ ಮೇಲೆ. ಕಂದಾಯದ ಗುರಿ ನಿಗದಿ ಮಾಡುತ್ತಿದ್ದ ಬಿಳಿಯ ಅಧಿಕಾರಿಗೆ ಏನೂ ಗೊತ್ತಿರಲಿಲ್ಲವಂತೆ! ಅದೇನೇ ಇರಲಿ, ಪರಿಣಾಮ ಎರಡಾದವು. ಕಂದಾಯದಿಂದ ಪೊಲೀಸನ್ನು ಬೇರ್ಪಡಿಸಬೇಕೆಂದು 1859ರಲ್ಲಿ ಮದ್ರಾಸ್ ಪೊಲೀಸ್ ಕಾಯ್ದೆ ಬಂತು. ಮರುವರ್ಷ ಅಖಿಲ ಭಾರತ ಪೊಲೀಸ್ ಆಯೋಗ ಕುಳಿತು, ಅದರಿಂದ 1861ರ 5ನೇ ಕಾಯ್ದೆ ಹುಟ್ಟಿತು. ಜೊತೆಗೆ, ‘ಹೊಸ ಪೊಲೀಸರು ಬಂದರೂ ಹಳೆಯ ಚಾಳಿ ಬಿಡುವುದಿಲ್ಲ’ ಎಂಬ ಅನುಮಾನಕ್ಕೆ ನಿಮ್ಮ ಕಲಂ ಬಂತು.

ಬೆಣ್ಣೆಹಳ್ಳ (ಶನಿವಾರ, ರಾತ್ರಿ 10.05)

ನಮ್ಮ ಅಡ್ಡಹೆಸರೇ ಪೊಲೀಸಪಾಟೀಲ. ಬೆಂಗಳೂರಿನಲ್ಲಿ ಹೆಸರು ಹೇಳಿದೊಡನೆ “ಯಾವ ಠಾಣೆ ಸರ್?” ಎಂದು ಕೇಳುತ್ತಾರೆ. ನಾನು ಬ್ಯಾಂಕಿನವನು.

ನಮ್ಮ ಕಡೆ ಊರಿಗೆ ಇಬ್ಬರು ಗೌಡರು. ಕಂದಾಯ ನೋಡುವವನು ಮುಲ್ಕಿ, ಕಲಬುರಗಿ ಸೀಮೆಯಲ್ಲಾದರೆ ಮಾಲಿಪಾಟೀಲ. ಕಳವು, ಜಗಳ, ಅನುಮಾನದ ಸಾವು ನೋಡುವವನು ಪೊಲೀಸಪಾಟೀಲ. ಬೊಂಬಾಯಿ ಸರ್ಕಾರ 1867ರಲ್ಲಿ ಗ್ರಾಮ ಪೊಲೀಸ್ ಕಾಯ್ದೆ ಮಾಡಿ ಇದಕ್ಕೆ ಮುದ್ರೆ ಒತ್ತಿತು. ಕೆಳಗೆ ತಳವಾರ, ವಾಲೀಕಾರ. ಅವೆಲ್ಲ ಇಂದು ಅಡ್ಡಹೆಸರುಗಳಾಗಿ ಉಳಿದಿವೆ.

ನಮ್ಮ ಅಜ್ಜ ಹೇಳುತ್ತಿದ್ದರು: ಕಳವಾದರೆ ತಳವಾರ ಹೆಜ್ಜೆ ಗುರುತು ಹಿಡಿದು ಹೊರಡುತ್ತಿದ್ದ. ಗುರುತು ಪಕ್ಕದ ಊರಿನ ಸೀಮೆ ದಾಟಿದರೆ ಆ ಊರಿನವರನ್ನು ಕರೆದು ತೋರಿಸುತ್ತಿದ್ದ. ಅಲ್ಲಿಂದ ಮುಂದಿನದು ಅವರ ಹೊಣೆ. ಎಲ್ಲೂ ಸಿಗದಿದ್ದರೆ ಕಳೆದ ಮಾಲಿಗೆ ಕಾವಲಿನವನೋ ಊರೋ ದಂಡ ತೆರಬೇಕಿತ್ತು. ಊರಿನ ಕಾವಲು ಊರಿನದೇ ಆಗಿತ್ತು. ಅದನ್ನು ಒಡೆದು, ಎಲ್ಲಿಂದಲೋ ವರ್ಗವಾಗಿ ಬರುವ, ಊರಿನ ಮುಖ ಪರಿಚಯವಿಲ್ಲದ ಫೌಜುದಾರನನ್ನು ತಂದು ಕೂರಿಸಿದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು?

ಅಡ್ಡಗೋಡೆ (ಶನಿವಾರ, ರಾತ್ರಿ 10.30)

ಪಾಟೀಲರೇ, ಪಾಟೀಲರ ಮೊಮ್ಮಗನಿಗೆ ಆ ವ್ಯವಸ್ಥೆ ಚೆನ್ನಾಗಿ ಕಾಣುವುದು ಸಹಜ. ತಳವಾರನ ಮೊಮ್ಮಗನನ್ನೂ ಒಮ್ಮೆ ಕೇಳಿ ನೋಡಿ.

ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವವನು ಅವನು, ಮಾಲು ಸಿಗದಿದ್ದರೆ ಮೈಮೇಲೆ ಬರುವುದು ಅವನಿಗೆ, ಪಂಚಾಯಿತಿಯಲ್ಲಿ ಕುಳಿತು ತೀರ್ಪು ಹೇಳುವವನು ಗೌಡ. ಗೌಡರ ಮನೆಯ ಹುಡುಗನೇ ಕದ್ದಿದ್ದರೆ ಹೆಜ್ಜೆ ಗುರುತು ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು? ನನ್ನ ಊಹೆ: ಹಳ್ಳದ ನೀರಿನಲ್ಲಿ. ಕಾವಲಿನ ಹೆಸರಿನಲ್ಲಿ ಸುಲಿಗೆಯೂ ನಡೆಯುತ್ತಿತ್ತು. ತಮಿಳು ಸೀಮೆಯ ಕಾವಲುಗಾರರು ಕೆಲವೆಡೆ ಕಾವಲು ಹಣ ಕೊಡದವರ ದನಗಳನ್ನು ತಾವೇ ಹೊಡೆದುಕೊಂಡು ಹೋಗುತ್ತಿದ್ದರು.

ಬೆಣ್ಣೆಹಳ್ಳ (ಶನಿವಾರ, ರಾತ್ರಿ 10.41)

ಹಳ್ಳದ ನೀರು ಎಂದಿರಿ, ನನ್ನ ಹೆಸರಿಗೇ ಬಂದಿರಿ. ಮಾತು ಒಪ್ಪಿದೆ, ಅರ್ಧ ಮಾತ್ರ. ತಳವಾರನಿಗೆ ತಾನು ಯಾರಿಗೆ ಉತ್ತರ ಹೇಳಬೇಕು ಎಂಬುದಾದರೂ ಗೊತ್ತಿತ್ತು.

ಕಡತದ ಹುಳ (ಶನಿವಾರ, ರಾತ್ರಿ 11.10)

ಇಬ್ಬರೂ ಹೇಳುತ್ತಿರುವುದಕ್ಕೆ ಮೈಸೂರಿನ ಒಂದು ತುಣುಕು ಸೇರಿಸುತ್ತೇನೆ. ಹಳೆಯ ಮೈಸೂರಿನಲ್ಲಿ ಈ ಕೆಲಸ ಕಂದಾಚಾರದ ಆಳುಗಳದ್ದು. ಅರ್ಧ ಸೈನಿಕ, ಅರ್ಧ ಪೊಲೀಸ್, ಅಮಲ್ದಾರ ಹೇಳಿದರೆ ಕಂದಾಯದ ಜವಾನ. ಆ ‘ಕಂದಾಚಾರ’ ಪದಕ್ಕೆ ಇಂದು ನಾವು ಮೂಢ ಆಚರಣೆ ಎಂಬ ಅರ್ಥ ಕೊಟ್ಟಿದ್ದೇವೆ. ಒಂದು ಇಲಾಖೆಯ ಹೆಸರು ಬೈಗುಳದ ಪದವಾದದ್ದು ಹೇಗೆಂದು ಭಾಷಾಶಾಸ್ತ್ರದವರು ಯಾರಾದರೂ ಹೇಳಿದರೆ ಒಂದು ಕಾಫಿ ಕೊಡಿಸುತ್ತೇನೆ.

‘ಪೇದೆ’ ಕೂಡ ಹಾಗೆಯೇ. ಪಾರಸಿಯ ಪಿಯಾದಾ, ಕಾಲಾಳು. ದಫೇದಾರ, ಜಮೇದಾರ, ಹವಾಲ್ದಾರ, ಫೌಜುದಾರ ಎಲ್ಲವೂ ದಂಡಿನ ಮಾತುಗಳು. ‘ಠಾಣೆ’ಯೂ ಮೊದಲು ದಂಡು ಬೀಡುಬಿಡುವ ಜಾಗವೇ. ಹಳೆಯ ಶಾಸನಗಳ ‘ತಳಾರ’ ಒಬ್ಬ ಮಾತ್ರ ಊರಿನವನು. ಅವನನ್ನು ಇಲಾಖೆ ಒಳಗೆ ಬಿಟ್ಟುಕೊಳ್ಳಲಿಲ್ಲ.

ಹಳೆಯ ದಫೇದಾರ (ಭಾನುವಾರ, ಬೆಳಿಗ್ಗೆ 6.15)

ಎಲ್ಲರಿಗೂ ನಮಸ್ಕಾರ. ಮೂವತ್ತಾರು ವರ್ಷ ಇಲಾಖೆಯಲ್ಲಿದ್ದು ಮುಖ್ಯಪೇದೆಯಾಗಿ ನಿವೃತ್ತನಾದವನು. ರಾತ್ರಿ ನೀವೆಲ್ಲ ಮಾತನಾಡಿಕೊಂಡಿದ್ದನ್ನು ಈಗ ಓದಿದೆ. ಬೆಳಗಿನ ಐದಕ್ಕೆ ಎಚ್ಚರವಾಗುವ ರೋಗ ಇನ್ನೂ ಹೋಗಿಲ್ಲ.

ತಂಗಿ, ನಿಮ್ಮ ತಂದೆಯವರ ಪ್ರಶ್ನೆಯನ್ನು ನಾನು ತರಬೇತಿಯಲ್ಲಿ ಕೇಳಿದ್ದೆ. “ನಾವು ಬರೆದುಕೊಂಡಿದ್ದು ಕೋರ್ಟಿಗೆ ಬೇಡವಾದರೆ ಬರೆದುಕೊಳ್ಳುವುದು ಏಕೆ ಸಾರ್?” ಎಂದೆ. ಬೋಧಕರು ಮೈದಾನ ಎರಡು ಸುತ್ತು ಓಡಿಸಿದರು. ಅಂದು ಸಿಗದ ಉತ್ತರ ಇಂದು ಸಿಕ್ಕಿತು, ಹುಳದವರಿಗೆ ಧನ್ಯವಾದ.

ನನ್ನದೊಂದು ಸಂದೇಹ. ತರಬೇತಿ ಶಾಲೆಯ ಗೋಡೆಯ ಮೇಲೆ ರಾಬರ್ಟ್ ಪೀಲ್ ಎಂಬ ಸಾಹೇಬನ ಒಂಬತ್ತು ಸೂತ್ರ ಬರೆದಿತ್ತು. ‘ಪೊಲೀಸರೇ ಜನ, ಜನರೇ ಪೊಲೀಸರು’ ಎಂದು. ನಮ್ಮದು ಅವನ ಪೊಲೀಸೇ ಎಂದು ಕಲಿಸಿದರು. ಹಾಗಾದರೆ ಜನರನ್ನು ನಂಬದ, ಜನರೂ ನಂಬದ ಪೊಲೀಸ್ ಹೇಗಾಯಿತು?

ಕಡತದ ಹುಳ (ಭಾನುವಾರ, ಬೆಳಿಗ್ಗೆ 8.30)

ದಫೇದಾರರೇ, ನಮಸ್ಕಾರ. ಆ ಒಂಬತ್ತು ಸೂತ್ರಗಳನ್ನು ಪೀಲ್ ಬರೆಯಲೇ ಇಲ್ಲ. ಅವು ಈಗಿನ ರೂಪಕ್ಕೆ ಬಂದದ್ದು 20ನೇ ಶತಮಾನದಲ್ಲಿ, ಅವನು ಸತ್ತು ಎಷ್ಟೋ ಕಾಲವಾದ ಮೇಲೆ. ಪೀಲ್ ಮಾಡಿದ್ದು 1829ರಲ್ಲಿ ಲಂಡನ್ ಮಹಾನಗರ ಪೊಲೀಸ್ ಕಾಯ್ದೆ. ಪಡೆಯನ್ನು ಕಟ್ಟಿದವರು ಇಬ್ಬರು ಕಮಿಷನರುಗಳು: ಸೈನ್ಯದಿಂದ ಬಂದ ಚಾರ್ಲ್ಸ್ ರೋವನ್, ವಕೀಲ ರಿಚರ್ಡ್ ಮೇನ್. ಅಪರಾಧ ಆಗದಂತೆ ತಡೆಯುವುದೇ ಮುಖ್ಯ ಕೆಲಸ ಎಂದು ಅವರ ಆರಂಭದ ಸೂಚನೆಯಲ್ಲೇ ಇದೆ.

ಅಲ್ಲಿಯ ಜನರೂ ಆರತಿ ಎತ್ತಿ ಸ್ವಾಗತಿಸಲಿಲ್ಲ. ಪೊಲೀಸ್ ಎಂದರೆ ಫ್ರಾನ್ಸಿನ ರಾಜರ ಗೂಢಚಾರಿಕೆ ಎಂದೇ ಇಂಗ್ಲಿಷರ ಭಾವನೆ. ಪ್ಯಾರಿಸ್ಸಿನಲ್ಲಿ 14ನೇ ಲೂಯಿ 1667ರಲ್ಲೇ ಪೊಲೀಸ್ ಅಧಿಕಾರಿಯನ್ನು ನೇಮಿಸಿದ್ದ. ಬೀದಿದೀಪ, ಕಸ, ಧಾನ್ಯದ ಬೆಲೆಯಿಂದ ಹಿಡಿದು ಯಾರು ಯಾರೊಡನೆ ಏನು ಮಾತನಾಡಿದರು ಎಂಬುದರವರೆಗೆ ಎಲ್ಲವೂ ಆ ಕಚೇರಿಯ ವ್ಯಾಪ್ತಿಗೆ ಬರುತ್ತಿತ್ತು. ಇದು ಸೈನ್ಯವಲ್ಲ ಎಂದು ತೋರಿಸಲೆಂದೇ ಲಂಡನ್ನಿನಲ್ಲಿ ಕೆಂಪು ಅಂಗಿ ಬಿಟ್ಟು ನೀಲಿ ಕೋಟು, ತಲೆಗೆ ಎತ್ತರದ ಟೋಪಿ, ಕೈಗೆ ಒಂದು ಕೋಲು, ಸದ್ದು ಮಾಡಲು ಗಿಲಕಿ ಕೊಟ್ಟರು. ಒಂದನೇ ನಂಬರಿನ ಪೇದೆ ಮೊದಲ ದಿನವೇ ಕುಡಿದು ಕೆಲಸ ಕಳೆದುಕೊಂಡ. ಮೊದಲ ತಂಡದ ಬಹುಪಾಲು ಜನ ಕೆಲವೇ ವರ್ಷಗಳಲ್ಲಿ ಹೊರಬಿದ್ದರು, ದೊಡ್ಡ ಕಾರಣ ಅದೇ ಕುಡಿತ.

1833ರಲ್ಲಿ ಒಂದು ಸಭೆ ಚದುರಿಸಲು ಹೋದ ರಾಬರ್ಟ್ ಕಲ್ಲಿ ಎಂಬ ಪೇದೆ ಇರಿತಕ್ಕೆ ಸತ್ತ. ವಿಚಾರಣೆಗೆ ಕುಳಿತ ಊರಿನ ಜ್ಯೂರಿ ‘ನ್ಯಾಯಸಮ್ಮತ ಹತ್ಯೆ’ ಎಂದು ತೀರ್ಪು ಕೊಟ್ಟಿತು! ಜನ ಆ ಜ್ಯೂರಿಯವರನ್ನು ಸನ್ಮಾನಿಸಿದರು. ಲಂಡನ್ನಿನ ಪೊಲೀಸರು ನಂಬಿಕೆ ಗಳಿಸಲು ಎರಡು ಮೂರು ತಲೆಮಾರು ಹಿಡಿಯಿತು.

ನಮ್ಮ ವಿಷಯಕ್ಕೆ ಬಂದರೆ, ನಾವು ಆ ಪೀಲನ ಮಕ್ಕಳಲ್ಲ, ಇನ್ನೊಬ್ಬ ಪೀಲನ ಮಕ್ಕಳು. ಲಂಡನ್ನಿಗಿಂತ ಮೊದಲು, 1812ರಿಂದ 1818ರವರೆಗೆ ಅವನು ಐರ್ಲೆಂಡಿನ ಆಡಳಿತ ನೋಡುತ್ತಿದ್ದ. ಅಲ್ಲಿ 1814ರಲ್ಲಿ ಗಲಭೆಯ ಸೀಮೆಗಳಿಗೆ ಕಳುಹಿಸುವ ಪೊಲೀಸ್ ಪಡೆಯೊಂದನ್ನು ಮಾಡಿದ. ಅದು ಬೆಳೆದು 1836ರಲ್ಲಿ ಐರಿಷ್ ಕಾನ್‌ಸ್ಟಾಬ್ಯುಲರಿ ಆಯಿತು: ಕೈಯಲ್ಲಿ ಬಂದೂಕು, ವಾಸ ಬ್ಯಾರಕ್ಕಿನಲ್ಲಿ, ಹುಟ್ಟಿದ ಜಿಲ್ಲೆಯಲ್ಲಿ ಕೆಲಸವಿಲ್ಲ, ಆಜ್ಞೆ ರಾಜಧಾನಿಯಿಂದ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಆ ಮಾದರಿಯನ್ನು ಅಲ್ಲಿ ನೆಟ್ಟ. ಅದನ್ನು ನೋಡಿ 1853ರಲ್ಲಿ ಬೊಂಬಾಯಿ, ಆಮೇಲೆ ಮದ್ರಾಸು. 1857ರ ದಂಗೆಯ ಭಯ ಆರುವ ಮೊದಲೇ ಇಡೀ ಬ್ರಿಟಿಷ್ ಭಾರತಕ್ಕೆ ಕಾಯ್ದೆ. ಊರಿನ ಪರವಾಗಿ ನಿಲ್ಲುವ ಪೊಲೀಸ್ ಅವರಿಗೆ ಬೇಕಿರಲಿಲ್ಲ. ಊರು ತಿರುಗಿಬಿದ್ದರೆ ತಮ್ಮ ಪರವಾಗಿ ನಿಲ್ಲುವ ಪೊಲೀಸ್ ಬೇಕಿತ್ತು.

ಲಿಫಿ ದಂಡೆ (ಭಾನುವಾರ, ಮಧ್ಯಾಹ್ನ 2.20)

ಡಬ್ಲಿನ್ನಿನಲ್ಲಿ ನರ್ಸ್ ಆಗಿದ್ದೇನೆ, ಊರು ಉಡುಪಿ ಹತ್ತಿರ. ರಾತ್ರಿ ಪಾಳಿ ಮುಗಿಸಿ ಬಂದು ಇದನ್ನು ಓದುತ್ತಾ ನಿದ್ದೆ ಹೋಯಿತು.

ಹುಳದವರು ಹೇಳಿದ ಪಡೆಯ ಮುಖ್ಯ ತರಬೇತಿ ಕೇಂದ್ರ ಇಲ್ಲಿಯ ಫೀನಿಕ್ಸ್ ಪಾರ್ಕಿನಲ್ಲಿತ್ತು. ವಸಾಹತುಗಳಿಗೆ ಹೋಗುವ ಪೊಲೀಸ್ ಅಧಿಕಾರಿಗಳು ಅಲ್ಲೇ ಕವಾಯತು ಕಲಿಯುತ್ತಿದ್ದರು. ಭಾನುವಾರ ಮಕ್ಕಳಿಗೆ ಜಿಂಕೆ ತೋರಿಸಲು ನಾವು ಹೋಗುವ ಪಾರ್ಕು ಅದು! ಆ ಕಟ್ಟಡ ಈಗ ಇಲ್ಲಿಯ ಪೊಲೀಸರ, ಅಂದರೆ ಗಾರ್ಡಾಗಳ, ಮುಖ್ಯ ಕಚೇರಿ.

ಆದರೆ ಕಥೆಯ ಎರಡನೆಯ ಭಾಗವನ್ನು ಯಾರೂ ಹೇಳಲಿಲ್ಲ. ಐರ್ಲೆಂಡಿನ ಬಹುಭಾಗ ಬ್ರಿಟಿಷರಿಂದ ಬಿಡಿಸಿಕೊಂಡ 1922ರಲ್ಲೇ ಆ ಬಂದೂಕಿನ ಪಡೆಯನ್ನು ವಿಸರ್ಜಿಸಲಾಯಿತು. ಅದರ ಜಾಗಕ್ಕೆ ಬಂದ ಗಾರ್ಡಾ ಪಡೆಗೆ ಬಂದೂಕು ಬೇಡ ಎಂದು ತೀರ್ಮಾನಿಸಿದರು. ಆಗ ದೇಶದೊಳಗೆ ಅಂತರ್ಯುದ್ಧ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಬರಿಗೈಯ ಪೊಲೀಸರನ್ನು ಹಳ್ಳಿಗಳಿಗೆ ಕಳುಹಿಸಿದರು. ಬಲದಿಂದಲ್ಲ, ಜನರ ಸೇವಕರೆಂಬ ನೈತಿಕ ಅಧಿಕಾರದಿಂದ ನೀವು ಗೆಲ್ಲಬೇಕು ಎಂಬುದು ಮೊದಲ ಕಮಿಷನರರ ಮಾತಿನ ಸಾರ. ಇಂದಿಗೂ ಬೀದಿಯಲ್ಲಿ ಕಾಣುವ ಸಾಮಾನ್ಯ ಗಾರ್ಡಾನ ಬಳಿ ಬಂದೂಕಿಲ್ಲ. ವಿಶೇಷ ಘಟಕಗಳಿಗೆ ಮಾತ್ರ ಇದೆ. ಮಾದರಿ ಹುಟ್ಟಿದ ದೇಶವೇ ಅದನ್ನು ಬಿಟ್ಟಿತು. ನಾವು 1947ರಲ್ಲಿ ಕಾಯ್ದೆಯ ಒಂದು ಪುಟವನ್ನೂ ಹರಿಯಲಿಲ್ಲ.

ಅಡ್ಡಗೋಡೆ (ಭಾನುವಾರ, ಮಧ್ಯಾಹ್ನ 2.50)

ಅಕ್ಕಾ, ಇಡೀ ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. 1947ರಲ್ಲಿ ದೇಶ ಇಬ್ಭಾಗವಾಗಿ ರೈಲುಗಳಲ್ಲಿ ಹೆಣಗಳು ಬರುತ್ತಿದ್ದಾಗ ಪೊಲೀಸರಿಂದ ಬಂದೂಕು ಕಿತ್ತುಕೊಳ್ಳಲು ಯಾವ ಗೃಹಮಂತ್ರಿಗೆ ಧೈರ್ಯ ಬರುತ್ತದೆ? ಪಟೇಲರೂ ಮಾಡಲಿಲ್ಲ.

ಇನ್ನೊಂದು. ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟುವುದು ನಮಗೆ ಬಹಳ ಸಲೀಸಾಗಿದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿಸಿದ್ದು ಬ್ರಿಟಿಷ್ ಪೊಲೀಸರಲ್ಲ. ನಾವು ಮಾದರಿ ಸಂಸ್ಥಾನ ಎಂದು ಎದೆ ತಟ್ಟಿಕೊಳ್ಳುವ ಮೈಸೂರಿನ ಪೊಲೀಸರು.

ಲಿಫಿ ದಂಡೆ (ಭಾನುವಾರ, ಮಧ್ಯಾಹ್ನ 3.02)

ವಿದುರಾಶ್ವತ್ಥ ನನಗೆ ಗೊತ್ತಿದೆ. ಮೈಸೂರು ಸಂಸ್ಥಾನವೂ ಅದೇ ಅಚ್ಚಿನಲ್ಲೇ ಪಡೆ ಕಟ್ಟಿತಲ್ಲ ಎಂಬುದೇ ನನ್ನ ಮಾತು. ಧೈರ್ಯದ ಪ್ರಶ್ನೆ ಇರಲಿ, 1947ರಲ್ಲಿ ಆಗದಿದ್ದರೆ 1957ರಲ್ಲಿ?

ಸೆಟ್ಲಮೆಂಟ್ ಓಣಿ (ಭಾನುವಾರ, ಸಂಜೆ 5.35)

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಪೊಲೀಸರು ಯಾರ ಪರ, ಯಾರ ವಿರುದ್ಧ ಎಂದು ಚರ್ಚೆ ನಡೆದಿದೆ. ಪೊಲೀಸರು ಯಾರಿಗಾಗಿ ಬೆಳೆದರು ಎಂಬುದನ್ನೂ ಹೇಳಬೇಕು.

ನಾನು ಹುಬ್ಬಳ್ಳಿಯವನು. ನಮ್ಮ ಓಣಿಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು, ಆಮೇಲೆ 1911ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಕೊರಮ, ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ ಎಂದು ಜಾತಿಯ ಹೆಸರು ಹಿಡಿದು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದರು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ತಂತಿ ಬೇಲಿ ಹಾಕಿ ಕೂಡಿಹಾಕಿದರು. ಹೊತ್ತು ಹೊತ್ತಿಗೆ ಹಾಜರಿ, ಹೊರಗೆ ಹೋಗಲು ಚೀಟಿ, ಹಗಲೆಲ್ಲ ಗಿರಣಿ ಅಥವಾ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿತ. ನಮ್ಮ ಮುತ್ತಜ್ಜ ಸ್ವಂತ ತಂಗಿಯ ಮದುವೆಗೆ ಹೋಗಲು ಚೀಟಿ ಕೇಳಿ, ಸಿಕ್ಕಿದಾಗ ಮದುವೆ ಮುಗಿದಿತ್ತಂತೆ. ಮನೆಯಲ್ಲಿ ಇದನ್ನು ನಗುತ್ತಲೇ ಹೇಳುತ್ತಾರೆ.

ಬೆರಳಚ್ಚಿನ ಕಥೆಯೂ ಇಲ್ಲಿಗೇ ಬರುತ್ತದೆ. ಬೆರಳಚ್ಚು ಎಂದರೆ ಎಲ್ಲರಿಗೂ ಸ್ಕಾಟ್ಲೆಂಡ್ ಯಾರ್ಡ್ ನೆನಪಾಗುತ್ತದೆ. ಲಂಡನ್ ಪೊಲೀಸರ ಆ ಮುಖ್ಯ ಕಚೇರಿಯಲ್ಲಿ ಬೆರಳಚ್ಚು ವಿಭಾಗ ತೆರೆಯುವ ಮೊದಲೇ, 1897ರಲ್ಲಿ, ಕಲ್ಕತ್ತಾದಲ್ಲಿ ಬೆರಳಚ್ಚು ಕೇಂದ್ರ ತೆರೆಯಿತು. ಗೆರೆಗಳನ್ನು ವರ್ಗೀಕರಿಸುವ ಲೆಕ್ಕ ಕಟ್ಟಿದ್ದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರುಗಳ ಪಾಲು ದೊಡ್ಡದು. ಹೆಸರಾದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. 1901ರಲ್ಲಿ ಅವನು ಅದನ್ನು ಲಂಡನ್ನಿಗೆ ಕೊಂಡೊಯ್ದ. ಮಾದರಿ ಅಲ್ಲಿಂದ ಇಲ್ಲಿಗೆ ಬಂದದ್ದನ್ನು ಹೇಳುತ್ತೀರಿ. ನಮ್ಮಂಥವರ ಬೆರಳ ಮೇಲೆ ಕಲಿತ ವಿದ್ಯೆ ಇಲ್ಲಿಂದ ಅಲ್ಲಿಗೂ ಹೋಯಿತು.

1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ನಾವು ಅದನ್ನು ವಿಮುಕ್ತ ದಿನ ಎನ್ನುತ್ತೇವೆ. ಆದರೆ ನಾನು ಕಾಲೇಜಿನಲ್ಲಿದ್ದಾಗ ಒಂದೂರಿನಲ್ಲಿ ಪೊಲೀಸರೊಬ್ಬರು ವಿಳಾಸ ಕೇಳಿ, ಹೇಳಿದ ಕೂಡಲೇ ಚೀಲ ಬಿಚ್ಚಿಸಿದರು. ಜೊತೆಗಿದ್ದ ಗೆಳೆಯನ ಚೀಲವನ್ನು ಮುಟ್ಟಲಿಲ್ಲ.

ಕರಿಕೋಟು (ಭಾನುವಾರ, ಸಂಜೆ 5.58)

ಕಾಯ್ದೆಯ ಪಾಠದಲ್ಲಿ ಇದೂ ಇರಲಿಲ್ಲ ನಮಗೆ. ಬರೆದದ್ದಕ್ಕೆ ವಂದನೆಗಳು ಅಣ್ಣ.

ಬೆಣ್ಣೆಹಳ್ಳ (ಭಾನುವಾರ, ಸಂಜೆ 6.20)

ಸೆಟ್ಲಮೆಂಟಿನ ಅಣ್ಣಾ, ಆ ಪಟ್ಟಿ ತಯಾರಿಸಲು ಊರೂರಿನ ಮಾಹಿತಿ ಕೊಟ್ಟವರಲ್ಲಿ ನಮ್ಮಂಥ ಪೊಲೀಸಪಾಟೀಲರೂ ಇದ್ದಿರಲೇಬೇಕು. ನಿನ್ನೆ ರಾತ್ರಿ ಅಡ್ಡಗೋಡೆಯವರು ಕುಟುಕಿದ್ದು ಈಗ ತಾಗಿತು.

ಸೆಟ್ಲಮೆಂಟ್ ಓಣಿ (ಭಾನುವಾರ, ಸಂಜೆ 6.31)

ನೀವು ಕೊಟ್ಟಿದ್ದಲ್ಲವಲ್ಲ ಪಾಟೀಲರೇ. ಹುಬ್ಬಳ್ಳಿಗೆ ಬಂದಾಗ ಓಣಿಗೆ ಬನ್ನಿ, ಮಿರ್ಚಿ ತಿನ್ನೋಣ.

ಹಳೆಯ ದಫೇದಾರ (ಭಾನುವಾರ, ರಾತ್ರಿ 8.10)

ಚೀಲ ಬಿಚ್ಚಿಸಿದವರಲ್ಲಿ ನಾನೂ ಒಬ್ಬನಾಗಿರಬಹುದು. ನಿಮ್ಮದಲ್ಲದಿದ್ದರೆ ನಿಮ್ಮಂಥ ಇನ್ನೊಬ್ಬರದು. ಬೀಟಿಗೆ ಕಳುಹಿಸುವ ಮೊದಲು ‘ಇಂಥ ಕಡೆಯವರು ಕಂಡರೆ ನೋಡಿಕೊಳ್ಳಿ’ ಎಂದು ಹೇಳಿ ಕಳುಹಿಸುತ್ತಿದ್ದರು. ನಾವು ಏಕೆ ಎಂದು ಕೇಳುತ್ತಿರಲಿಲ್ಲ. ಮೈದಾನ ಎರಡು ಸುತ್ತು ನೆನಪಿತ್ತು.

ಆದರೆ ಪೇದೆಯ ಕಡೆಯಿಂದಲೂ ಒಂದು ಮಾತು ಹೇಳಬೇಕು. ಹುಳದವರು ಹೇಳಿದ 1861ರ ಕಾಯ್ದೆಯಲ್ಲಿ 22ನೇ ಕಲಂ ಇದೆ. ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿದ್ದಾನೆಂದೇ ಭಾವಿಸಬೇಕು, ಯಾವಾಗ ಬೇಕಾದರೂ ಪ್ರಾಂತ್ಯದ ಯಾವ ಭಾಗಕ್ಕಾದರೂ ಕಳುಹಿಸಬಹುದು ಎಂದು. ನಮಗೆ ಬಾಯಿಪಾಠ ಮಾಡಿಸಿದ ಕಲಮುಗಳಲ್ಲಿ ಇಡೀ ಜೀವನ ಅನುಭವಿಸಿದ್ದು ಇದೊಂದನ್ನೇ. ಮಗಳು ಹುಟ್ಟಿದ ದಿನ ಗಣಪತಿ ಮೆರವಣಿಗೆಯ ಬಂದೋಬಸ್ತು. ಅಪ್ಪ ತೀರಿಕೊಂಡ ದಿನ ಚುನಾವಣೆ. ಅಧಿಕಾರಿಯೊಬ್ಬರ ಮನೆಯಲ್ಲಿ ಆರ್ಡರ್ಲಿಯಾಗಿ ಹದಿನಾಲ್ಕು ತಿಂಗಳು ನಾಯಿ ತಿರುಗಿಸಿದ್ದೇನೆ. ಅದೂ ಕಾಗದದ ಮೇಲೆ ಕರ್ತವ್ಯವೇ.

ಲಂಡನ್ನಿನ ಪೇದೆಗೂ ಇದೇ ಪಾಡಿತ್ತೇ?

ಕಡತದ ಹುಳ (ಭಾನುವಾರ, ರಾತ್ರಿ 8.45)

ಅಲ್ಲಿಯೂ ಸುಖವೇನಿರಲಿಲ್ಲ. ಆರಂಭದಲ್ಲಿ ಬಿಡುವಿನಲ್ಲೂ ಸಮವಸ್ತ್ರ ತೆಗೆಯುವಂತಿರಲಿಲ್ಲ. ವೇಷ ಬದಲಿಸಿದರೆ ಗೂಢಚಾರಿಕೆ ಎನ್ನುತ್ತಾರೆಂಬ ಭಯ. ಆದರೆ ಒಂದು ವ್ಯತ್ಯಾಸವಿತ್ತು. ಪೇದೆಯ ಎಡ ತೋಳಿನ ತುದಿಗೆ ನೀಲಿ ಬಿಳಿ ಗೆರೆಗಳ ಪಟ್ಟಿ. ಕಟ್ಟಿಕೊಂಡಿದ್ದರೆ ಕೆಲಸದಲ್ಲಿದ್ದಾನೆ, ಬಿಚ್ಚಿದ್ದರೆ ಇಲ್ಲ. 20ನೇ ಶತಮಾನದಲ್ಲೂ ಬಹುಕಾಲ ಆ ಪಟ್ಟಿ ಇತ್ತು.

1918ರ ಆಗಸ್ಟಿನಲ್ಲಿ ಸಂಬಳಕ್ಕಾಗಿ ಲಂಡನ್ನಿನ ಪೊಲೀಸರೇ ಸಾವಿರಗಟ್ಟಲೆ ಮುಷ್ಕರ ಹೂಡಿದರು. ಸರ್ಕಾರ ನಡುಗಿ ಸಂಬಳ ಏರಿಸಿತು; ಮರುವರ್ಷ ಕಾಯ್ದೆ ತಂದು ಸಂಘವನ್ನು ನಿಷೇಧಿಸಿ, ಮುಷ್ಕರದ ಹಕ್ಕಿಲ್ಲದ ಒಂದು ಫೆಡರೇಷನ್ ಕೊಟ್ಟಿತು. ನಮ್ಮಲ್ಲಿ 1966ರ ಕಾಯ್ದೆ ಪೊಲೀಸರ ಸಂಘಟನೆಗೆ ಕಡಿವಾಣ ಹಾಕಿದೆ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆ ಹಾಕುತ್ತಾರೆಂದು ದೊಡ್ಡ ಸುದ್ದಿಯಾಗಿತ್ತಲ್ಲ?

ಹಳೆಯ ದಫೇದಾರ (ಭಾನುವಾರ, ರಾತ್ರಿ 8.58)

ಆಗ ನಾನು ನಿವೃತ್ತನಾಗಿದ್ದೆ. ಇಲಾಖೆಯಲ್ಲಿದ್ದ ಹುಡುಗರು ಫೋನಿನಲ್ಲೂ ಪಿಸುಗುಟ್ಟುತ್ತಿದ್ದರು. ಮುಷ್ಕರ ನಡೆಯಲಿಲ್ಲ. ಬೇಡಿಕೆಗಳಾದರೂ ಪತ್ರಿಕೆಯ ಮುಖಪುಟಕ್ಕೆ ಬಂದವು.

ಇನ್ನೊಂದು ಸಂತೋಷದ ವಿಷಯ: ಒಂದು ಪಕ್ಕ ಮಡಚಿದ ಆ ಸ್ಲೌಚ್ ಹ್ಯಾಟು 2025ರಲ್ಲಿ ಹೋಗಿ, ಪೇದೆಗಳ ತಲೆಗೆ ನೀಲಿ ಪೀಕ್ ಕ್ಯಾಪು ಬಂತು. ಓಡುವಾಗ ಒಂದು ಕೈ ಲಾಠಿಗೆ, ಇನ್ನೊಂದು ಕೈ ಹ್ಯಾಟಿಗೆ. ಕಳ್ಳನನ್ನು ಹಿಡಿಯುವುದು ಯಾವ ಕೈಯಿಂದ? ಅದರಲ್ಲಿ ಎಷ್ಟು ಜನ ಕಳ್ಳರು ತಪ್ಪಿಸಿಕೊಂಡರೋ ದೇವರೇ ಬಲ್ಲ.

ಲಿಫಿ ದಂಡೆ (ಭಾನುವಾರ, ರಾತ್ರಿ 9.15)

ಟೋಪಿ ಬದಲಾಯಿತು, ಕಾಯ್ದೆ?

ಕಡತದ ಹುಳ (ಭಾನುವಾರ, ರಾತ್ರಿ 9.50)

ಬದಲಾಗಿದೆ, ಹೆಸರು ಮತ್ತು ಸ್ವಲ್ಪ ಒಳಗೂ. ಏಕೀಕರಣದ ಮೇಲೆ ಮೈಸೂರು, ಬೊಂಬಾಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಐದು ಕಡೆಯ ನಿಯಮಗಳು ನಮ್ಮಲ್ಲಿದ್ದವು. ಅವುಗಳ ಜಾಗಕ್ಕೆ 1963ರ ಕಾಯ್ದೆ ಬಂತು. ವಂಶಪಾರಂಪರ್ಯದ ಪಟೇಲ, ಶಾನುಭೋಗ, ತೋಟಿ, ತಳವಾರಿಕೆಗಳನ್ನು 1961ರ ಕಾಯ್ದೆ ತೆಗೆದುಹಾಕಿತ್ತು. ಪಾಟೀಲರಿಗೆ ಒಂದು ಸಮಾಚಾರ: ಗಡಿಯಾಚೆ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಪೊಲೀಸಪಾಟೀಲ ಹುದ್ದೆ ಇಂದಿಗೂ ಇದೆ, ಹುಟ್ಟಿನಿಂದ ಬರುವುದಿಲ್ಲ, ಅಷ್ಟೇ.

ಉಳಿದದ್ದು ವರದಿಗಳ ರಾಶಿ. 1902ರಲ್ಲಿ ಕರ್ಜನ್ ನೇಮಿಸಿದ ಫ್ರೇಜರ್ ಆಯೋಗವೇ ‘ಪೊಲೀಸರು ಭ್ರಷ್ಟರು, ದಬ್ಬಾಳಿಕೆ ಮಾಡುವವರು ಎಂದು ಜನ ಸಾಮಾನ್ಯವಾಗಿ ಭಾವಿಸಿದ್ದಾರೆ’ ಎಂಬ ಅರ್ಥದ ಮಾತು ಬರೆದಿತ್ತು. ಅದರಿಂದ ಸಿಐಡಿ, ತರಬೇತಿ ಶಾಲೆಗಳು ಬಂದವು. 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ, 1981ರವರೆಗೆ ಎಂಟು ವರದಿ. ಅವು ಧೂಳು ತಿನ್ನುತ್ತಿದ್ದುದನ್ನು ನೋಡಲಾರದೆ ನಿವೃತ್ತ ಅಧಿಕಾರಿ ಪ್ರಕಾಶ್ ಸಿಂಗ್ ಸುಪ್ರೀಂ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳು ಬಂದವು: ಮುಖ್ಯ ಹುದ್ದೆಗಳಿಗೆ ಎರಡು ವರ್ಷದ ಅವಧಿ, ತನಿಖೆ ಮತ್ತು ಬಂದೋಬಸ್ತಿಗೆ ಬೇರೆ ಬೇರೆ ಸಿಬ್ಬಂದಿ, ದೂರು ಪ್ರಾಧಿಕಾರ ಹೀಗೆ. ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿತು. ನಿಮ್ಮ ಜಿಲ್ಲೆಯ ದೂರು ಪ್ರಾಧಿಕಾರದ ಕಚೇರಿ ಎಲ್ಲಿದೆ ಎಂದು ಇಲ್ಲಿ ಎಷ್ಟು ಜನರಿಗೆ ಗೊತ್ತು?

ಅಡ್ಡಗೋಡೆ (ಭಾನುವಾರ, ರಾತ್ರಿ 10.02)

ಪ್ರಾಧಿಕಾರ ಎಂಬುದೊಂದು ಇದೆ ಎಂದು ನನಗೆ ಈಗ ತಿಳಿಯಿತು.

ಕರಿಕೋಟು (ಭಾನುವಾರ, ರಾತ್ರಿ 10.20)

ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಎಲ್ಲ ಕೇಳಿ, “ಅಂದರೆ ನೂರ ಅರವತ್ತು ವರ್ಷದಿಂದ ಆ ಅನುಮಾನ ಹೋಗುವಂಥ ಕೆಲಸ ಯಾರೂ ಮಾಡಲಿಲ್ಲ, ಅದಕ್ಕೇ ಹೊಸ ಕಾನೂನಿನಲ್ಲೂ ಉಳಿಸಿಕೊಂಡರು” ಎಂದರು. ಜೊತೆಗೆ ಸಂದಿಯೊಂದನ್ನೂ ಉಳಿಸಿಕೊಂಡಿದ್ದಾರೆ. ಹಳೆಯ 27ನೇ ಕಲಂ: ಆರೋಪಿ ಹೇಳಿದ್ದರಿಂದ ವಸ್ತು ಪತ್ತೆಯಾದರೆ, ಪತ್ತೆಗೆ ಕಾರಣವಾದ ಅಷ್ಟು ಮಾತು ಸಾಕ್ಷ್ಯವಾಗುತ್ತದೆ. ಆದ್ದರಿಂದಲೇ ಎಲ್ಲ ಸ್ವಇಚ್ಛಾ ಹೇಳಿಕೆಗಳೂ ‘ನನ್ನೊಂದಿಗೆ ಬಂದರೆ ಬಚ್ಚಿಟ್ಟ ಜಾಗ ತೋರಿಸುತ್ತೇನೆ’ ಎಂದೇ ಮುಗಿಯುತ್ತವೆ. ನಮ್ಮ ಹುಡುಗನದೂ ಹಾಗೆಯೇ. ಲಂಟಾನಾ ಪೊದೆಯಿಂದ ಮಚ್ಚು ತೆಗೆದುಕೊಟ್ಟನಂತೆ. ನಾಳೆ ಆ ಮಹಜರಿಗೆ ಹೋಗಿದ್ದ ಪೇದೆಯ ಸಾಕ್ಷ್ಯ. ಪಾಟೀಸವಾಲು ನಾನೇ ಮಾಡಬೇಕೆಂದು ಹಿರಿಯರು ಹೇಳಿದ್ದಾರೆ, ಮೊದಲ ಬಾರಿಗೆ. ಕೈ ನಡುಗುತ್ತಿದೆ.

ಹಳೆಯ ದಫೇದಾರ (ಸೋಮವಾರ, ಬೆಳಿಗ್ಗೆ 5.20)

ತಂಗಿ, ನಿಮ್ಮ ಪ್ರಕರಣ ಯಾವ ಠಾಣೆಯದೆಂದು ನನಗೆ ಗೊತ್ತಿಲ್ಲ, ಹೇಳಲೂ ಬೇಡಿ. ಪಂಚರು ಎಲ್ಲಿ ಸಹಿ ಮಾಡಿದರು ಎಂದು ಕೇಳಿ, ಪೊದೆಯ ಹತ್ತಿರವೋ ಠಾಣೆಯ ಮೇಜಿನ ಮೇಲೋ. ಆಮೇಲೆ ಹೊರಟ ಹೊತ್ತು, ಮರಳಿದ ಹೊತ್ತು ಠಾಣಾ ದಿನಚರಿಯಲ್ಲಿ ಇದೆಯೇ ಎಂದು ಕೇಳಿ. ಎಲ್ಲ ಸರಿಯಾಗಿದ್ದರೆ ಅವನು ತಡವರಿಸದೆ ಹೇಳುತ್ತಾನೆ.

ಇನ್ನೊಂದು. ಕೂಗಾಡಬೇಡಿ, ಬಹಳ ಹೊತ್ತು ನಿಲ್ಲಿಸಬೇಡಿ. ಅವನು ರಾತ್ರಿ ಪಾಳಿ ಮುಗಿಸಿ ನೇರವಾಗಿ ಅಲ್ಲಿಗೇ ಬಂದಿರುತ್ತಾನೆ.